ಬೇವಿನ ಬೀಜದಿಂದ ಬಜೆ ಬೇರಿನವರೆಗೆ: ಔಷಧಿ ಗಿಡಗಳ ಕಷಾಯ ಬೆಳೆಗೆ ಎಷ್ಟು, ಯಾವಾಗ, ಹೇಗೆ ಹೊಡೀಬೇಕು

ಒಂದ್ಸಲ ಸೌತೆ ಬಳ್ಳಿಗೆ ಬೇವಿನ ಎಣ್ಣೆ ಹೊಡೆದಿದ್ದೆ, ಅದೂ ಮಟಮಟ ಮಧ್ಯಾಹ್ನ, ಸೋಪು ಸರಿಯಾಗಿ ಕಲಸದೆ, ಬೇವು ತಾನೇ ಏನಾಗುತ್ತೆ ಅಂದ್ಕೊಂಡು ಅಂದಾಜಿನ ಮೇಲೆ ಎರಡು ಮುಚ್ಚಳ ಜಾಸ್ತಿನೇ ಸುರಿದು. ಮಾರನೇ ದಿನ ಹೋಗಿ ನೋಡಿದ್ರೆ ಎಳೆ ಎಲೆಗಳ ಅಂಚೆಲ್ಲ ಬಿಸಿ ಇಸ್ತ್ರಿಪೆಟ್ಟಿಗೆ ತಾಗಿದ ಬಟ್ಟೆ ಥರ ಕಂದಗಾಗಿ ಮುದುಡ್ಕೊಂಡಿತ್ತು. ಗಿಡದ ರಸ ಹೀರೋ ಹೇನು ಮಾತ್ರ ಎಲೆ ಕೆಳಗಡೆ ಆರಾಮಾಗಿ ಕೂತಿದ್ವು, ಯಾಕಂದ್ರೆ ನಾನು ಹೊಡೆದಿದ್ದು ಎಲೆ ಮೇಲ್ಗಡೆಗೆ.

ಅವತ್ತು ಬೇವನ್ನ ಬೈದು ಸುಮ್ನಾಗ್ಬಹುದಿತ್ತು. ತುಂಬಾ ಜನ ಹಂಗೇ ಮಾಡ್ತಾರೆ, "ಅದೆಲ್ಲ ಕೆಲಸ ಮಾಡಲ್ಲ ಸಾರ್" ಅಂತ. ಆದ್ರೆ ಕೂತು ಯೋಚನೆ ಮಾಡಿದ್ರೆ ತಪ್ಪು ಗಿಡದ್ದಲ್ಲ, ಅಳತೆ ನಂದು, ಟೈಮ್ ನಂದು, ಹೊಡೆದ ಕೈ ನಂದು. ಸೊಪ್ಪಿನ ಕಷಾಯನ ಔಷಧಿ ಅಂತ ಕರೀತೀವಿ ಸರಿ, ಆದ್ರೆ ಔಷಧಿಗೆ ಇರಬೇಕಾದ ಅಳತೆ ಮಾತ್ರ ಅದಕ್ಕೆ ಇಟ್ಟಿರಲ್ಲ. ಈ ಬರಹ ಪೂರ್ತಿ ಅದರ ಬಗ್ಗೆನೇ.

ಮೊದಲನೇ ಹೆಜ್ಜೆ: ಹುಳ ಯಾವುದು ಅಂತ ನೋಡಿ, ಆಮೇಲೆ ಸೊಪ್ಪು ಕೀಳಿ

ಎಲೆ ಮುದುಡಿದೆ ಅಂದ ತಕ್ಷಣ ಕಷಾಯ ಕುದಿಸೋಕೆ ಓಡಬೇಡಿ. ಎಲೆ ತಿರುಗಿಸಿ ನೋಡಿ. ಒಂದು ಸಣ್ಣ ಭೂತಗನ್ನಡಿ ಜೇಬಲ್ಲಿ ಇಟ್ಕೊಳ್ಳಿ, ಸ್ಪ್ರೇಯರ್ ಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತೆ. ಹಸಿರು ಇಲ್ಲ ಕಪ್ಪು ಹೇನು ಗುಂಪಾಗಿ ಕೂತಿದ್ಯಾ, ಅಲ್ಲಾಡಿಸಿದ್ರೆ ಬಿಳಿನೊಣ ಏಳ್ತಾವಾ, ಎಲೆ ಒಳಗಡೆ ಬಿಳಿ ಗೆರೆ ಎಳೆದ ರಂಗೋಲಿ ಹುಳುನಾ, ಕೆಳಗಡೆ ಸಣ್ಣ ಬಲೆ ಕಟ್ಟಿರೋ ನುಸಿನಾ, ಇಲ್ಲ ಹುಳಾನೇ ಇಲ್ದೆ ಬಿಳಿ ಪೌಡರ್ ಬಳಿದಂಗಿರೋ ಬೂದಿ ರೋಗನಾ. ಬರೀ ನೀರು ಜಾಸ್ತಿಯಾಗಿ ಎಲೆ ಹಳದಿ ಆಗಿದ್ರೆ ಜಗತ್ತಿನ ಯಾವ ಸೊಪ್ಪು ಅರೆದು ಹಾಕಿದ್ರೂ ಏನೂ ಆಗಲ್ಲ.

ಇನ್ನೊಂದು ಮಾತು. ಹೇನಿನ ಗುಂಪಿನ ಮಧ್ಯ ಗುಲಗಂಜಿ ಹುಳ ಓಡಾಡ್ತಿದ್ರೆ, ಇಲ್ಲ ಅದರ ಮರಿ (ಸಣ್ಣ ಮೊಸಳೆ ಥರ ಇರುತ್ತೆ, ಕಪ್ಪು ಮೈ ಮೇಲೆ ಕಿತ್ತಳೆ ಚುಕ್ಕೆ, ಗೊತ್ತಿಲ್ದೋರು ಇದನ್ನೇ ಶತ್ರು ಅಂತ ಹೊಸಕಿ ಹಾಕ್ತಾರೆ) ಕಂಡ್ರೆ ನಾಲ್ಕೈದು ದಿನ ಕಾಯಿರಿ. ಎಷ್ಟೋ ಸಲ ಅವೇ ಊಟ ಮುಗಿಸಿಬಿಡ್ತವೆ, ನಿಮ್ಮ ಕೆಲಸಾನೇ ಇರಲ್ಲ.

ಎರಡನೇದು: ಗಿಡ ಎಲ್ಲಿಂದ ತರೋದು

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದ್ರೆ ಆಡುಸೋಗೆ ಕಂಡ್ರೆ ಆಡು ಕೂಡ ಮುಖ ತಿರುಗಿಸುತ್ತೆ. ಹಳಬರು ಹುಳ ಓಡಿಸೋಕೆ ಸೊಪ್ಪು ಹುಡುಕಿದ್ದೇ ಈ ಲೆಕ್ಕದಲ್ಲಿ, ದನ ತಿನ್ನದ್ದು, ಮುರಿದ್ರೆ ಹಾಲು ಬರೋದು, ಮೂಗಿಗೆ ಘಾಟು ಹೊಡೆಯೋದು, ಬಾಯಿಗೆ ಕಹಿ ಇರೋದು. ಓಡಿಹೋಗೋಕೆ ಕಾಲಿಲ್ಲದ ಗಿಡ ತನ್ನನ್ನ ತಿನ್ನೋಕೆ ಬರೋರಿಂದ ಉಳ್ಕೊಳ್ಳೋಕೆ ಒಳಗಡೆ ಅಡುಗೆ ಮಾಡಿ ಇಟ್ಕೊಂಡಿರೋ ವಿಷಾನೇ ನಮಗೆ ಬೇಕಿರೋದು.

ಕಾಡಿಗೆ ಹೋಗಿ ಮೂಟೆಗಟ್ಟಲೆ ಕಿತ್ಕೊಂಡು ಬರೋದು ಮಾತ್ರ ಬೇಡ. ಔಷಧಿ ಗಿಡಗಳಿಗೆ ಮೊದಲೇ ಬೇಡಿಕೆ ಜಾಸ್ತಿ, ಅದರ ಮೇಲೆ ನಾವೂ ಟ್ಯಾಂಕ್ ಲೆಕ್ಕದಲ್ಲಿ ಶುರು ಮಾಡಿದ್ರೆ ಅದು ಸುಸ್ಥಿರ ಕೃಷಿ ಹೆಂಗಾಗುತ್ತೆ? ಲಕ್ಕಿ, ಆಡುಸೋಗೆ ಎರಡೂ ಕಡ್ಡಿ ನೆಟ್ರೆ ಬರುತ್ತೆ, ಬೇಲಿ ಸಾಲಿಗೆ ಹಾಕ್ಬಿಡಿ, ಸವರಿದಷ್ಟೂ ಚಿಗುರುತ್ತೆ. ಹೊಂಗೆ, ಬೇವು ಬದುವಿನ ಮೇಲೆ. ಬಜೆ ನೀರು ನಿಲ್ಲೋ ಮೂಲೆಗೆ. ಬೇರು ಬೇಕಾದ ಗಿಡ ಆದ್ರೆ ಅರ್ಧ ಕಿತ್ತು ಅರ್ಧ ಬಿಡಿ. ಒಂದು ಗಿಡದಿಂದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಲೆ ಒಂದೇ ಸಲ ಕೀಳಬೇಡಿ, ರಸ್ತೆ ಪಕ್ಕದ್ದು, ಬೇರೆಯವರು ಕಳೆನಾಶಕ ಹೊಡೆದಿರೋ ಜಾಗದ್ದು ಮುಟ್ಟಲೇಬೇಡಿ.

ಮೂರನೇದು: ಬೇವಿನ ಬೀಜದ ಕಷಾಯ

ಇದೊಂದನ್ನ ಸರಿಯಾಗಿ ಕಲಿತ್ರೆ ಮುಕ್ಕಾಲು ಕೆಲಸ ಆದಂಗೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

1959ರಲ್ಲಿ ಸುಡಾನ್ ದೇಶದಲ್ಲಿ ಮಿಡತೆ ದಂಡು ಬಂದಾಗ ಹೈನ್ರಿಶ್ ಶ್ಮುಟ್ಟರರ್ ಅನ್ನೋ ಜರ್ಮನ್ ಕೀಟಶಾಸ್ತ್ರಜ್ಞರು ಒಂದು ವಿಚಿತ್ರ ಗಮನಿಸಿದ್ರು, ಸುತ್ತ ಹಸಿರು ಅನ್ನೋದೆಲ್ಲ ಬೋಳಾದ್ರೂ ಬೇವಿನ ಮರ ಮಾತ್ರ ಹಂಗೇ ನಿಂತಿತ್ತು, ಮಿಡತೆ ಬಂದು ಕೂತ್ಕೊಳ್ತಿತ್ತು, ತಿನ್ನದೆ ಎದ್ದು ಹೋಗ್ತಿತ್ತು. 1968ರಲ್ಲಿ ಬೇರೆ ವಿಜ್ಞಾನಿಗಳು ಬೇವಿನ ಬೀಜದಿಂದ ಅಜಡಿರಾಕ್ಟಿನ್ ಅನ್ನೋ ಅಂಶನ ಬೇರ್ಪಡಿಸಿದ್ರು. ಅದು ಎಷ್ಟು ತೊಡಕಿನ ಅಣು ಅಂದ್ರೆ ಕೇಂಬ್ರಿಜ್‌ನಲ್ಲಿ ಸ್ಟೀವನ್ ಲೇ ಅವರ ತಂಡ 22 ವರ್ಷ ಒದ್ದಾಡಿ 2007ರಲ್ಲಿ ಲ್ಯಾಬಲ್ಲಿ ಪೂರ್ತಿ ಕಟ್ಟಿದ್ದು. ಬದುವಿನ ಮೇಲಿರೋ ಮರ ಅದನ್ನ ವರ್ಷಾ ವರ್ಷಾ ಸದ್ದಿಲ್ದೆ ಮಾಡಿ ಉದುರಿಸುತ್ತೆ.

ಬೀಜದಿಂದ ಅಂದೆ, ಗಮನಿಸಿ. ಎಲೆಯಲ್ಲಿ ಅದು ತುಂಬಾ ಕಮ್ಮಿ. ಬೇವಿನ ಸೊಪ್ಪು ಅರೆದು ಹೊಡೆದು "ರಿಸಲ್ಟ್ ಇಲ್ಲ" ಅನ್ನೋರಿಗೆ ನಾನು ಕೇಳೋ ಮೊದಲನೇ ಪ್ರಶ್ನೆ ಇದೇ, ಎಲೆನಾ ಬೀಜನಾ ಅಂತ.

ಮರದ ಕೆಳಗೆ ಉದುರಿದ ಹಳದಿ ಹಣ್ಣನ್ನ ಒಂದೆರಡು ದಿನದಲ್ಲೇ ಆರಿಸ್ಕೊಳ್ಳಿ, ಕೆಸರಲ್ಲಿ ಬಿದ್ದು ಕಪ್ಪಾಗಿದ್ದು ಬೇಡ. ಬಕೆಟ್ ನೀರಲ್ಲಿ ಹಾಕಿ ಕಿವುಚಿ ಸಿಪ್ಪೆ ಲೋಳೆ ತೆಗೆದು, ಬೀಜನ ನೆರಳಲ್ಲಿ ತೆಳ್ಳಗೆ ಹರಡಿ ಚೆನ್ನಾಗಿ ಒಣಗಿಸಿ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ರೆ ಬೆವೆತು ಬೂಷ್ಟು ಹಿಡಿಯುತ್ತೆ, ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಸೇರ್ಕೊಳ್ಳಬಹುದು, ಸತ್ವಾನೂ ಹೋಗಿರುತ್ತೆ. ಗಾಳಿಯಾಡೋ ಗೋಣಿಚೀಲ, ಇಲ್ಲ ಬಟ್ಟೆ ಚೀಲಾನೇ ಒಳ್ಳೇದು. ಒಣಗಿಸಿ ಮೂರು ತಿಂಗಳಿಂದ ಎಂಟು ತಿಂಗಳ ಒಳಗಿನ ಬೀಜ ಕಷಾಯಕ್ಕೆ ಸರಿ, ವರ್ಷ ದಾಟಿದ್ದು ಹೊರಗಿಂದ ಎಷ್ಟೇ ಚೆನ್ನಾಗಿ ಕಂಡ್ರೂ ಒಳಗೆ ಏನಿಲ್ಲ. ನನ್ನ ಸುಲಭದ ಪರೀಕ್ಷೆ ಅಂದ್ರೆ ಒಂದು ಬೀಜ ಒಡೆದು ನೋಡೋದು, ಒಳಗಿನ ತಿರುಳು ತಿಳಿ ಹಸಿರಾಗಿ ಇದ್ದು ಉಗುರಲ್ಲಿ ಒತ್ತಿದ್ರೆ ಜಿಡ್ಡು ಬರಬೇಕು. ಕಂದು ಬಣ್ಣ, ಪುಡಿಪುಡಿ, ಕಮಟು ವಾಸನೆ ಅಂದ್ರೆ ಗೊಬ್ಬರದ ಗುಂಡಿಗೆ.

ಹತ್ತು ಲೀಟರ್ ಟ್ಯಾಂಕಿಗೆ ಲೆಕ್ಕ: ಸಿಪ್ಪೆ ತೆಗೆದ ತಿರುಳು 500 ಗ್ರಾಂ. ಗಟ್ಟಿ ಸಿಪ್ಪೆ ಸಮೇತ ಇರೋ ಬೀಜ ಆದ್ರೆ ಹೆಚ್ಚುಕಮ್ಮಿ ಅದರ ಡಬಲ್. ತರಿತರಿಯಾಗಿ ಕುಟ್ಟಿ, ತೀರ ನುಣ್ಣಗೆ ರುಬ್ಬಿದ್ರೆ ಎಣ್ಣೆ ಬಿಟ್ಕೊಂಡು ಮುದ್ದೆ ಆಗುತ್ತೆ. ಸಂಜೆ ಹೊತ್ತಿಗೆ ತೆಳು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ಒಂದೆರಡು ಲೀಟರ್ ತಣ್ಣೀರಲ್ಲಿ ಮುಳುಗಿಸಿ ರಾತ್ರಿಯಿಡೀ ಬಿಡಿ. ಕಷಾಯ ಅಂದ ತಕ್ಷಣ ಒಲೆ ಮೇಲಿಡಬೇಡಿ, ಬಿಸಿಗೆ ಅಜಡಿರಾಕ್ಟಿನ್ ಕೆಡುತ್ತೆ. ಬೆಳಗ್ಗೆ ಗಂಟನ್ನ ಅದೇ ನೀರಲ್ಲಿ ಹಿಂಡಿ, ಮುಳುಗಿಸಿ, ಮತ್ತೆ ಹಿಂಡಿ, ಹಾಲಿನ ಬಣ್ಣದ ನೀರು ಬರೋದು ನಿಲ್ಲೋವರೆಗೂ. ಆ ರಸನ ಎರಡು ಸಲ ಸೋಸಿ, ಒಂದ್ಸಲ ಅಂದ್ರೆ ನಾಝಲ್ ಕಟ್ಟಿಕೊಂಡು ಗಿಡಗಳ ಮಧ್ಯ ನಿಂತು ಪಿನ್ ಹುಡುಕೋ ಸ್ಥಿತಿ ಬರುತ್ತೆ. ಆಮೇಲೆ 10ರಿಂದ 20 ಗ್ರಾಂ ಮಾಮೂಲಿ ಬಾರ್ ಸೋಪು ತುರಿದು ಬಿಸಿನೀರಲ್ಲಿ ಕರಗಿಸಿ, ಆರಿದ ಮೇಲೆ ಸೇರಿಸಿ, ಒಟ್ಟು ಹತ್ತು ಲೀಟರ್ ಆಗೋ ಹಾಗೆ ನೀರು ಹಾಕಿ. ಶೇ. 5ರ ಕಷಾಯ ಅಂತ ಎಲ್ಲಾ ಕಡೆ ಹೇಳೋದು ಇದನ್ನೇ.

ಸಂಜೆ ನೆನೆಸಿದ್ದು ಬೆಳಗ್ಗೆ ಹಿಂಡಿ, ಅವತ್ತು ಸಂಜೆ ಹೊತ್ತಿಗೆ ಖಾಲಿ ಮಾಡಿ. ಡ್ರಮ್ಮಲ್ಲಿ ತುಂಬಿಟ್ಟು ಮುಂದಿನ ವಾರ ಹೊಡೀತೀನಿ ಅಂದ್ರೆ ಅದು ನಾರೋ ನೀರು ಅಷ್ಟೇ. ನೀರು ಗಡಸು ಇದ್ರೆ, ಉಪ್ಪು ಕಟ್ಟೋ ಬೋರ್ ನೀರಿನ ಥರ, ಸೋಪೂ ನೊರೆ ಬರಲ್ಲ, ಕ್ಷಾರ ಜಾಸ್ತಿ ಇರೋ ನೀರಲ್ಲಿ ಅಜಡಿರಾಕ್ಟಿನ್ ಕೂಡ ಬೇಗ ಒಡೆಯುತ್ತೆ, ಹಿಡಿದಿಟ್ಟ ಮಳೆನೀರು ಇದ್ರೆ ಅದೇ ಬೆಸ್ಟು.

ಸರಿ, ಇದು ಹುಳಕ್ಕೆ ಏನು ಮಾಡುತ್ತೆ? ಒಂದು, ಎಲೆ ರುಚಿ ಕೆಡಿಸುತ್ತೆ, ಹುಳ ತಿನ್ನೋದು ನಿಲ್ಲಿಸುತ್ತೆ. ಎರಡನೇದು, ಹುಳ ಪೊರೆ ಕಳಚೋಕೆ ಬೇಕಾದ ಹಾರ್ಮೋನನ್ನ ಕೆಡಿಸುತ್ತೆ, ಹಂಗಾಗಿ ಮರಿ ಮುಂದಿನ ಹಂತಕ್ಕೆ ಹೋಗೋಕಾಗದೆ ಸಾಯುತ್ತೆ. ಅಂದ್ರೆ ಹೊಡೆದ ಸಂಜೆ ಹುಳ ಬೀಳಲ್ಲ, ಮೂರು ದಿನದಿಂದ ಒಂದು ವಾರ ಬೇಕು. ಎಳೇ ಮರಿ ಮೇಲೆ ಚೆನ್ನಾಗಿ ನಡೆಯುತ್ತೆ, ಬೆರಳು ಗಾತ್ರ ಬೆಳೆದ ಹುಳಕ್ಕೆ ಅಷ್ಟಕ್ಕಷ್ಟೇ, ಕಾಂಡದ ಒಳಗೆ ಹೊಕ್ಕಿರೋ ಹುಳಕ್ಕಂತೂ ತಲುಪೋದೇ ಇಲ್ಲ.

ಅಂಗಡಿ ಬಾಟಲಿ ಬಗ್ಗೆ ಒಂದು ಮಾತು. ಅಜಡಿರಾಕ್ಟಿನ್ 300, 1500, 10000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅನ್ನೋ ಲೆಕ್ಕ) ಅಂತ ಬರುತ್ತೆ, ಒಂದರ ಡೋಸ್ ಇನ್ನೊಂದಕ್ಕೆ ಹಾಕಿದ್ರೆ ಕೆಲಸ ಕೆಡುತ್ತೆ, ಲೇಬಲ್ ಓದಿ. ಮನೇಲಿ ಮಾಡಿದ ಕಷಾಯಕ್ಕೆ ಇರೋ ಒಂದು ಅನುಕೂಲ ನನಗೆ ಭಾರೀ ಇಷ್ಟ. 1995ರಲ್ಲಿ ಫೆಂಗ್ ಮತ್ತು ಇಸ್ಮನ್ ಅನ್ನೋ ಸಂಶೋಧಕರು ಹೇನುಗಳನ್ನ 40 ತಲೆಮಾರು ಸಾಕಿ ನೋಡಿದ್ರು, ಒಂದು ಗುಂಪಿಗೆ ಶುದ್ಧ ಅಜಡಿರಾಕ್ಟಿನ್, ಇನ್ನೊಂದಕ್ಕೆ ಬೇವಿನ ಬೀಜದ ಇಡೀ ಸಾರ. ಶುದ್ಧದ್ದು ಕೊಟ್ಟ ಗುಂಪು 9 ಪಟ್ಟು ತಡ್ಕೊಳ್ಳೋ ಶಕ್ತಿ ಬೆಳೆಸ್ಕೊಳ್ತು, ಇಡೀ ಸಾರ ಕೊಟ್ಟ ಗುಂಪು ಬೆಳೆಸ್ಕೊಳ್ಳಲಿಲ್ಲ. ಬೀಜದಲ್ಲಿರೋ ಹತ್ತಾರು ಕಹಿ ಅಂಶ ಒಟ್ಟಿಗೆ ಬಂದಾಗ ಹುಳ ಯಾವುದಕ್ಕೆ ಅಂತ ಬಾಗಿಲು ಹಾಕುತ್ತೆ ಹೇಳಿ.

ಬೇವಿನ ಎಣ್ಣೆ

ನಾನು ಸುಟ್ಕೊಂಡಿದ್ದು ಇದರಲ್ಲೇ. ಎಣ್ಣೆ ಹುಳದ ಮೈ ಮುಚ್ಚಿ ಉಸಿರು ಕಟ್ಟಿಸುತ್ತೆ, ಹಂಗಾಗಿ ಹೇನು, ನುಸಿ, ಹಿಟ್ಟುತಿಗಣೆ ಥರ ಮೆತ್ತಗಿರೋದಕ್ಕೆ, ಮತ್ತೆ ಬೂದಿ ರೋಗದ ಶುರುವಿಗೆ ಒಳ್ಳೇದು. ಆದ್ರೆ ಎಲೆಗೂ ಉಸಿರಾಟದ ರಂಧ್ರ ಇರುತ್ತಲ್ಲ. ಲೀಟರಿಗೆ 5 ಎಂಎಲ್‌ನಿಂದ ಶುರು ಮಾಡಿ, ಗಟ್ಟಿ ಎಲೆ ಗಿಡಕ್ಕೆ 10ರವರೆಗೆ ಹೋಗಿ, ಸೌತೆ ಕುಂಬಳದ ಜಾತಿಗೆ 5 ದಾಟಬೇಡಿ. ಗಾಣದ ಎಣ್ಣೆ ತಗೊಳ್ಳಿ, ಬಿಸಿ ಮಾಡಿ ಶುದ್ಧ ಮಾಡಿದ್ದರಲ್ಲಿ ಕಹಿ ಅಂಶ ಹೋಗಿರುತ್ತೆ. ಚಳಿಗೆ ಎಣ್ಣೆ ತುಪ್ಪದಂಗೆ ಗಟ್ಟಿಯಾದ್ರೆ ಬಾಟಲಿನ ಉಗುರುಬೆಚ್ಚಗಿನ ನೀರಲ್ಲಿ ನಿಲ್ಲಿಸಿ ಸಾಕು.

ಕಲಸೋ ಕ್ರಮ ಮುಖ್ಯ. ಮೊದಲು ಒಂದು ಲೋಟ ಬೆಚ್ಚಗಿನ ನೀರಿಗೆ ದ್ರವ ಸೋಪು (ಲೀಟರ್ ಕಷಾಯಕ್ಕೆ 1ರಿಂದ 2 ಎಂಎಲ್ ಲೆಕ್ಕ), ಅದಕ್ಕೆ ಎಣ್ಣೆ, ಮುಚ್ಚಿ ಜೋರಾಗಿ ಕುಲುಕಿ, ಮಜ್ಜಿಗೆ ಬಣ್ಣಕ್ಕೆ ತಿರುಗಿದ ಮೇಲೆ ಟ್ಯಾಂಕ್ ನೀರಿಗೆ. ಎರಡು ನಿಮಿಷ ಬಿಟ್ಟು ಮೇಲೆ ಎಣ್ಣೆಯ ಕಣ್ಣು ತೇಲಿದ್ರೆ ಕಲಸಿದ್ದು ಸಾಲದು ಅಂತ ಅರ್ಥ, ಸೋಪು ಇನ್ನೊಂಚೂರು. ಆ ತೇಲೋ ಎಣ್ಣೆಯ ಹನಿ ಎಲೆ ಮೇಲೆ ಬಿದ್ದ ಕಡೆಯೇ ಸುಡೋದು. ಹೊಡೆಯೋವಾಗ್ಲೂ ಆಗಾಗ ಟ್ಯಾಂಕ್ ಅಲ್ಲಾಡಿಸ್ತಿರಿ. ಗಂಧಕ ಹೊಡೆದ ಗಿಡಕ್ಕೆ ಎರಡು ಮೂರು ವಾರ ಎಣ್ಣೆ ಮುಟ್ಟಿಸಬೇಡಿ, ಎರಡೂ ಸೇರಿದ್ರೆ ಎಲೆ ಸುಡುತ್ತೆ.

ಬೆಳ್ಳುಳ್ಳಿ ಮೆಣಸಿನಕಾಯಿ ರಸ

ಎಲ್ಲರೂ ಮಾಡ್ತಾರೆ, ಮುಕ್ಕಾಲು ಜನ ತಪ್ಪಾಗಿ ಮಾಡ್ತಾರೆ. ಬೆಳ್ಳುಳ್ಳಿಯ ಘಾಟು ಅಂದ್ರೆ ಅಲಿಸಿನ್, ಅದು ಇಡೀ ಎಸಳಲ್ಲಿ ಇರೋದೇ ಇಲ್ಲ. ಎಸಳು ಜಜ್ಜಿದಾಗ ಬೇರೆ ಬೇರೆ ಕೋಣೆಯಲ್ಲಿದ್ದ ಎರಡು ವಸ್ತು ಸೇರಿ ಅದು ಹುಟ್ಟೋದು. ಹಂಗಾಗಿ ಜಜ್ಜಿ ಹತ್ತು ನಿಮಿಷ ಹಂಗೇ ಬಿಡಿ, ಆಮೇಲೆ ನೀರು. ಇಡೀ ಎಸಳನ್ನ ಕುದಿಯೋ ನೀರಿಗೆ ಹಾಕಿದ್ರೆ ಅದನ್ನ ಹುಟ್ಟಿಸೋ ಕಿಣ್ವಾನೇ ಸತ್ತು ಬರೀ ವಾಸನೆ ನೀರು ಉಳಿಯುತ್ತೆ. ಮೆಣಸಿನಕಾಯಿ ಕತೆ ಉಲ್ಟಾ, ಅದರ ಖಾರ ನೀರಲ್ಲಿ ಸರಿಯಾಗಿ ಕರಗಲ್ಲ, ಎಣ್ಣೆಯಲ್ಲಿ ಕರಗುತ್ತೆ. ಅರೆದ ಮೆಣಸಿನಕಾಯಿಗೆ ಒಂದೆರಡು ಚಮಚ ಎಣ್ಣೆ ಕಲಸಿ ರಾತ್ರಿ ಬಿಟ್ಟು, ಬೆಳಗ್ಗೆ ಸೋಪು ನೀರಲ್ಲಿ ಎತ್ತಿಕೊಳ್ಳಿ.

ಹತ್ತು ಲೀಟರಿಗೆ ಬೆಳ್ಳುಳ್ಳಿ 200 ಗ್ರಾಂ, ಹಸಿಮೆಣಸು 100 ಗ್ರಾಂ, ಬೇಕಿದ್ರೆ ಶುಂಠಿ 100 ಗ್ರಾಂ. ಅವತ್ತೇ ಹೊಡೆದು ಮುಗಿಸಿ. ಸೀಮೆಎಣ್ಣೆ ಸೇರಿಸಿ ಅಂತ ಹಳೇ ರೆಸಿಪಿಗಳಲ್ಲಿ ಇರುತ್ತೆ, ನಾನು ಹಾಕಲ್ಲ, ಎಲೆ ಸುಡೋದೂ ಅಲ್ದೆ ಮಣ್ಣಿಗೆ ಸೀಮೆಎಣ್ಣೆ ಸುರಿದು ಅದನ್ನ ಸಾವಯವ ಅನ್ನೋಕೆ ನನಗೆ ನಾಲಿಗೆ ಬರಲ್ಲ. ಗಾಳಿಗೆ ಎದುರಾಗಿ ನಿಂತು ಇದನ್ನ ಹೊಡೆದೋರಿಗೆ ಕನ್ನಡಕದ ಮಹತ್ವ ಬೇರೆ ಯಾರೂ ಹೇಳ್ಕೊಡಬೇಕಿಲ್ಲ. ಕೊಯ್ಲಿಗೆ ನಾಲ್ಕೈದು ದಿನ ಮುಂಚೆ ನಿಲ್ಲಿಸಿ, ಇಲ್ಲಾಂದ್ರೆ ಟೊಮೆಟೊ ಕಚ್ಚಿದ್ರೂ ಬೆಳ್ಳುಳ್ಳಿ ಅನ್ನಿಸುತ್ತೆ.

ಉಳಿದ ಸೊಪ್ಪುಗಳು

ಲಕ್ಕಿ, ಆಡುಸೋಗೆ, ಹೊಂಗೆ ಎಲೆ, ತುಳಸಿ, ಇವೆಲ್ಲ ಓಡಿಸೋ ಕೆಲಸಕ್ಕೆ, ಕೊಲ್ಲೋ ಕೆಲಸಕ್ಕಲ್ಲ. ಒಂದು ಕೆಜಿ ಹಸಿ ಎಲೆ ಜಜ್ಜಿ, ಮುಳುಗುವಷ್ಟು ನೀರಲ್ಲಿ ರಾತ್ರಿ ಮುಚ್ಚಿಟ್ಟು, ಬೆಳಗ್ಗೆ ಹಿಂಡಿ ಸೋಸಿ ಹತ್ತು ಲೀಟರ್ ಮಾಡಿ. ಲಕ್ಕಿ, ತುಳಸಿ ಥರ ವಾಸನೆ ಇರೋದನ್ನ ಮುಚ್ಚಳ ತೆಗೆದು ಕುದಿಸಿದ್ರೆ ಔಷಧಿಯೆಲ್ಲ ಆವಿಯಾಗಿ ಹೋಗುತ್ತೆ, ಸುತ್ತ ಗಮಗಮ, ಪಾತ್ರೆಯಲ್ಲಿ ಕಸ. ಎಲ್ಲಾ ಎಲೆ ಒಟ್ಟಿಗೆ ಹಾಕಿ ಹತ್ತು ಸೊಪ್ಪಿನ ಕಷಾಯ ಮಾಡೋರೂ ಇದಾರೆ, ತಪ್ಪೇನಿಲ್ಲ, ಆದ್ರೆ ಶುರುವಲ್ಲಿ ಒಂದೊಂದೇ ಹೊಡೆದು ನೋಡಿ, ಹತ್ತೂ ಸೇರಿಸಿದ್ರೆ ಯಾವುದು ಕೆಲಸ ಮಾಡ್ತು ಯಾವುದು ಗಿಡ ಸುಡ್ತು ಗೊತ್ತಾಗಲ್ಲ.

ಸಂಜೆಮಲ್ಲಿಗೆ ಎಲೆ ವಿಚಾರ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮೊಸಾಯಿಕ್ (ಎಲೆ ಮೇಲೆ ಹಳದಿ ಹಸಿರು ಮಚ್ಚೆ ಬರೋದು) ಥರದ ನಂಜು ರೋಗ, ಅಂದ್ರೆ ವೈರಸ್ ರೋಗ, ಹರಡೋದನ್ನ ತಡೆಯೋ ಒಂದು ಪ್ರೋಟೀನ್ ಅದರಲ್ಲಿದೆ. ಅದೇ ಅಳತೆ, ಒಂದು ಕೆಜಿಗೆ ಹತ್ತು ಲೀಟರ್, ಆದ್ರೆ ಪ್ರೋಟೀನ್ ಆದ್ದರಿಂದ ಬಿಸಿ ಮಾಡೋ ಹಾಗಿಲ್ಲ. ರೋಗ ಬಂದ ಮೇಲೆ ಹೊಡೆದು ವಾಸಿ ಮಾಡೋಕಾಗಲ್ಲ, ಸಸಿ ಇದ್ದಾಗಿಂದ್ಲೇ ವಾರಕ್ಕೊಂದ್ಸಲ ಹೊಡೀಬೇಕು, ಬಂದಿರೋ ಗಿಡ ಕಿತ್ತು ಹಾಕೋದೇ ದಾರಿ.

ಬೆಳವಣಿಗೆಗೆ ಅಂದ್ರೆ ನುಗ್ಗೆ. ಎಳೆ ನುಗ್ಗೆಸೊಪ್ಪಲ್ಲಿ ಝಿಯಾಟಿನ್ ಅನ್ನೋ ಬೆಳವಣಿಗೆ ಹಾರ್ಮೋನ್ ಚೆನ್ನಾಗಿದೆ. ಸ್ವಲ್ಪವೇ ನೀರು ಹಾಕಿ ರುಬ್ಬಿ ಹಿಂಡಿ, ಒಂದು ಪಾಲು ರಸಕ್ಕೆ 30 ಪಾಲು ನೀರು, ಹಿಂಡಿದ ಐದು ಗಂಟೆ ಒಳಗೆ ಹೊಡೀರಿ. ಸಸಿ ಎದ್ದು ಎರಡು ವಾರ ಆದಾಗ ಒಮ್ಮೆ, ಹೂ ಬರೋ ಮುಂಚೆ ಒಮ್ಮೆ. ಹಸಿವಾದ ಮಣ್ಣಿಗೆ ಇದು ಊಟ ಅಲ್ಲ, ಗೊಬ್ಬರ ಹಾಕಲೇಬೇಕು.

ಮಣ್ಣೊಳಗಿನ ಬೇರುಗಂಟು ಜಂತುಹುಳಕ್ಕೆ ಸ್ಪ್ರೇ ವೇಸ್ಟು. ಬೇವಿನ ಹಿಂಡಿ ಮಣ್ಣಿಗೆ ಸೇರಿಸಿ, ಸಾಲಿನ ಮಧ್ಯ ಚೆಂಡುಹೂ ಬೆಳೀರಿ, ಅದರ ಬೇರಿನಲ್ಲಿರೋ ಅಂಶವೇ ಜಂತುಹುಳನ ಹತ್ತಿಕ್ಕುತ್ತೆ.

ಇವನ್ನ ಬಿಟ್ಬಿಡಿ

ಗಿಡದಿಂದ ಬಂದಿದ್ದೆಲ್ಲ ಸೇಫ್ ಅನ್ನೋದು ನಾನು ಕೇಳಿದ ಅತಿ ದೊಡ್ಡ ಸುಳ್ಳು. ತಂಬಾಕು ಕಷಾಯ ತುಂಬಾ ಜನ ಹೇಳ್ತಾರೆ, ಹೊಡೆದ ತಕ್ಷಣ ಹುಳ ಉದುರೋದೂ ನಿಜ, ಆದ್ರೆ ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗುತ್ತೆ, ಒದ್ದೆ ಬಟ್ಟೆಯಲ್ಲಿ ಅರ್ಧ ದಿನ ಹೊಡೆದ್ರೆ ತಲೆಸುತ್ತು ವಾಂತಿ ಶುರುವಾಗುತ್ತೆ. ಅದೂ ಅಲ್ದೆ ತಂಬಾಕಿನಲ್ಲಿರೋ ಮೊಸಾಯಿಕ್ ವೈರಸ್ ಒಣಗಿದ ಎಲೆಯಲ್ಲೂ ಬದುಕಿರುತ್ತೆ, ಟೊಮೆಟೊ ಮೆಣಸಿನಕಾಯಿಗೆ ನೀವೇ ಕೈಯಾರೆ ರೋಗ ಹಚ್ಚಿದಂಗೆ. ದತ್ತೂರಿ, ಕಣಗಿಲೆ, ಕಾಸರಕ ಇವನ್ನ ತಿನ್ನೋ ಬೆಳೆಗೆ ಹತ್ತಿರ ತರಬೇಡಿ. ಸೀತಾಫಲದ ಬೀಜದ ಪುಡಿ ಹುಳಕ್ಕೆ ನಿಜವಾಗ್ಲೂ ಜೋರು, ಆದ್ರೆ ಅದು ಕಣ್ಣಿಗೆ ಬಿದ್ರೆ ಕರಿಗುಡ್ಡೆಯ ಮೇಲ್ಪದರ ಹುಣ್ಣಾಗುತ್ತೆ, ಎಕ್ಕದ ಹಾಲೂ ಹಂಗೇ. ರೊಟೆನೋನ್ ಕೂಡ ಗಿಡದ ಬೇರಿಂದಾನೇ ಬಂದಿದ್ದು, ಮೀನು ಹಿಡಿಯೋಕೆ ನೀರಿಗೆ ಹಾಕ್ತಿದ್ದ ವಿಷ, ಪಾರ್ಕಿನ್ಸನ್ ಕಾಯಿಲೆ ಜೊತೆ ನಂಟು ಕಂಡ ಮೇಲೆ ಎಷ್ಟೋ ದೇಶಗಳಲ್ಲಿ ಬಳಕೆ ನಿಂತಿದೆ. ಬೇವಿನ ಎಣ್ಣೆ ಬಾಟಲಿಯನ್ನೂ ಮಕ್ಕಳ ಕೈಗೆ ಸಿಗದಂಗೆ ಇಡಿ, ಚಿಕ್ಕ ಮಗುವಿನ ಹೊಟ್ಟೆಗೆ ಹೋದ್ರೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯ.

ಕೈಗವಸು, ಕನ್ನಡಕ, ಉದ್ದ ತೋಳು. ಅಡುಗೆ ಮನೆ ಮಿಕ್ಸಿ ಬೇಡ, ಬೇರೆ ಒರಳು, ಬೇರೆ ಬಕೆಟ್ ಇಟ್ಕೊಳ್ಳಿ, ಮೇಲೆ ಬರೆದೂ ಇಡಿ. ಉಳಿದ ಕಷಾಯ ಕೆರೆ ಕಾಲುವೆಗೆ ಚೆಲ್ಲಬೇಡಿ, ಬೇವಿನ ಎಣ್ಣೆ ಮೀನಿಗೆ ಒಳ್ಳೇದಲ್ಲ.

ಮೊದಲು ನಾಲ್ಕೇ ಗಿಡಕ್ಕೆ

ಹೊಸ ಕಷಾಯ, ಹೊಸ ಬೆಳೆ, ಹೊಸ ಹವಾಮಾನ, ಮೂರರಲ್ಲಿ ಒಂದು ಬದಲಾದ್ರೂ ಮೊದಲು ನಾಲ್ಕೈದು ಗಿಡಕ್ಕೆ ಹೊಡೆದು 48 ಗಂಟೆ ಕಾಯಿರಿ. ಎಳೆ ಚಿಗುರು ನೋಡಿ, ಹಳೇ ಎಲೆಯಲ್ಲಿ ಸುಟ್ಟಿದ್ದು ಬೇಗ ಗೊತ್ತಾಗಲ್ಲ.

ಇದರ ಜೊತೆ ನಾನು ಮಾಡೋ ಇನ್ನೊಂದು ಕೆಲಸ ಇದೆ, ಇದನ್ನ ಮಾಡೋರು ಕಮ್ಮಿ. ಒಂದೇ ಸಾಲಲ್ಲಿ ಐದು ಗಿಡಕ್ಕೆ ಕಷಾಯ, ಐದಕ್ಕೆ ಬರೀ ಸೋಪು ನೀರು ಅದೇ ಅಳತೆಯಲ್ಲಿ, ಐದಕ್ಕೆ ಏನೂ ಇಲ್ಲ. ಬಣ್ಣದ ದಾರ ಕಟ್ಟಿ. ಮೊದಲನೇ ಸಲ ಹಿಂಗೆ ಮಾಡಿದಾಗ ನಗು ಬಂತು, ಯಾಕಂದ್ರೆ ಹುರುಳಿಕಾಯಿ ಗಿಡದ ಹೇನಿಗೆ ಬೆಳ್ಳುಳ್ಳಿ ರಸ ಹೊಡೆದ ಸಾಲೂ ಬರೀ ಸೋಪು ನೀರಿನ ಸಾಲೂ ಮೂರನೇ ದಿನಕ್ಕೆ ಒಂದೇ ಥರ ಕ್ಲೀನ್ ಆಗಿತ್ತು. ಅಷ್ಟು ದಿನ ಕೈಯೆಲ್ಲ ನಾರಿಸ್ಕೊಂಡು ಸುಲಿದ ಬೆಳ್ಳುಳ್ಳಿ ಎಲ್ಲಾ ಸೋಪಿಗೆ ಹೆಸರು ತಂದುಕೊಟ್ಟಿತ್ತು. ಮೆತ್ತಗಿನ ಮೈ ಇರೋ ಹುಳದ ಪೊರೆನ ಸೋಪು ಕರಗಿಸಿ ಒಣಗಿಸುತ್ತೆ, ಹೇನಿಗೆ ಅದೇ ಸಾಕು. ಬೇವಿನ ಬೀಜದ ಸಾಲು ಮಾತ್ರ ಹತ್ತನೇ ದಿನಕ್ಕೂ ಹೊಸ ಮರಿ ಇಲ್ದೆ ನಿಂತಿತ್ತು. ಇದನ್ನ ಓದಿ ನಂಬಬೇಡಿ, ನಿಮ್ಮ ಸಾಲಲ್ಲಿ ನೀವೇ ದಾರ ಕಟ್ಟಿ ನೋಡಿ. ಬಟ್ಟೆ ಒಗೆಯೋ ಡಿಟರ್ಜೆಂಟ್ ಪುಡಿ ಮಾತ್ರ ಸೋಪಿನ ಬದಲು ಹಾಕಬೇಡಿ, ಅದು ಎಲೆಯ ಮೇಣಾನೂ ತೊಳೆದುಬಿಡುತ್ತೆ.

ಹೊಡೆಯೋ ದಿನ

ಸಂಜೆ, ಬಿಸಿಲಿಳಿದ ಮೇಲೆ. ಎರಡು ಕಾರಣ, ಅಜಡಿರಾಕ್ಟಿನ್ ಬಿಸಿಲಿಗೆ ಬೇಗ ಒಡೆದು ಹೋಗುತ್ತೆ, ರಾತ್ರಿ ಪೂರ್ತಿ ಸಿಕ್ಕಿದ್ರೆ ಹುಳ ತಿನ್ನೋ ಹೊತ್ತಿಗೆ ತಾಜಾ ಇರುತ್ತೆ, ಮತ್ತೆ ಜೇನುನೊಣ ಆಗ ಗೂಡು ಸೇರಿರುತ್ತೆ. ಹೂವಿನ ಮೇಲೆ ನೇರವಾಗಿ ಬೇಡ. ಸೋಪು, ಎಣ್ಣೆ ಗುಲಗಂಜಿ ಹುಳಕ್ಕೂ ತಾಗಿದ್ರೆ ಸಾಯುತ್ತೆ, ಅವು ಇರೋ ಗಿಡ ಬಿಟ್ಟು ಹೊಡೀರಿ.

ನಾಝಲ್ ತುದಿನ ಮೇಲ್ಮುಖ ಮಾಡಿ ಗಿಡದ ಬುಡದಿಂದ ಮೇಲಕ್ಕೆ ಬನ್ನಿ, ಎಲೆ ಕೆಳಭಾಗ ಒದ್ದೆಯಾಗಬೇಕು. ಹನಿ ಹನಿ ಆಗಿ ಸುರಿಯೋವರೆಗೆ ಬೇಡ, ಎಲೆ ಬೆವೆತಂಗೆ ಕಂಡ್ರೆ ಸಾಕು. ಗಾಳಿ ಇದ್ರೆ, ಮೋಡ ಕಟ್ಟಿದ್ರೆ ನಾಳೆ ನೋಡಿ, ಆರೇಳು ಗಂಟೆ ಒಳಗೆ ಮಳೆ ಬಂದ್ರೆ ಹೊಡೆದಿದ್ದು ಮಣ್ಣಿಗೆ ಹೋಯ್ತು ಅಂತಾನೇ. ಏಳರಿಂದ ಹತ್ತು ದಿನಕ್ಕೊಂದ್ಸಲ ಮತ್ತೆ, ಎರಡು ಮೂರು ಸಲ ಆದ ಮೇಲೂ ಹುಳ ಏರ್ತಾನೇ ಇದ್ರೆ ಹಠ ಮಾಡಬೇಡಿ, ದಾರಿ ಬದಲಾಯಿಸಿ, ಹಳದಿ ಅಂಟು ಹಲಗೆ, ಕೈಯಿಂದ ಆರಿಸೋದು, ಬೆಳೆ ಬದಲು.

ಲೆಕ್ಕ ಹಾಕೋದು ಸತ್ತ ಹುಳ ಎಣಿಸಿ ಅಲ್ಲ. ಹೊಡೆಯೋ ಮುಂಚೆ ಹತ್ತು ಗಿಡದ ತುದಿಯ ಮೂರು ಎಲೆ ಗುರುತು ಮಾಡ್ಕೊಳ್ಳಿ, ತೂತು ಎಷ್ಟಿದೆ ಬರೆದಿಡಿ. ನಾಲ್ಕನೇ ದಿನ ಅದೇ ಎಲೆ ನೋಡಿ. ಹುಳ ಅಲ್ಲೇ ಕೂತಿರುತ್ತೆ, ಆದ್ರೆ ಹೊಸ ತೂತು ಇರಲ್ಲ, ಹುಳ ಸಣ್ಣಗೆ ಕಪ್ಪಗೆ ಮಂಕಾಗಿರುತ್ತೆ, ಕಡ್ಡಿಯಲ್ಲಿ ತಟ್ಟಿದ್ರೆ ಓಡಲ್ಲ. ಅಷ್ಟು ಕಂಡ್ರೆ ಕೆಲಸ ಆಗಿದೆ. ಇದನ್ನ ನೋಡೋಕೆ ತಾಳ್ಮೆ ಇಲ್ದೆ ಎರಡನೇ ದಿನಕ್ಕೇ ರಾಸಾಯನಿಕ ತಂದು ಹೊಡೆಯೋರನ್ನ ಎಷ್ಟು ನೋಡಿದೀನೋ.

ಬಿತ್ತನೆ ಕಾಳಿಗೆ

ಮುಂದಿನ ಸಲದ ಬಿತ್ತನೆಗೆ ಎತ್ತಿಟ್ಟ ಕಾಳಿಗೆ ಹುಳ ಬೀಳದಂಗೆ, ಬಜೆ ಬೇರನ್ನ ಒಣಗಿಸಿ ಪುಡಿ ಮಾಡಿ ಕೆಜಿ ಬೀಜಕ್ಕೆ 10 ಗ್ರಾಂ ಕಲಸಿ. ಇಲ್ಲ ದ್ವಿದಳ ಕಾಳು ಆದ್ರೆ ಕೆಜಿಗೆ 5 ಎಂಎಲ್ ಬೇವಿನ ಎಣ್ಣೆ ಕೈಯಲ್ಲೇ ಸವರಿ, ಎಣ್ಣೆ ಪದರದ ಮೇಲೆ ಹುಳದ ಮೊಟ್ಟೆ ಉಳಿಯಲ್ಲ. ಬಜೆಯಲ್ಲಿರೋ ಬೀಟಾ ಅಸರೋನ್ ಹುಳನ ಬಂಜೆ ಮಾಡುತ್ತೆ, ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಅದು ಕ್ಯಾನ್ಸರ್ ಬರಿಸಿದ್ದೂ ಇದೆ, ಹಂಗಾಗಿ ಬಜೆ ಹಾಕಿದ ಕಾಳು ಬಿತ್ತೋಕೆ ಮಾತ್ರ, ಅಡುಗೆಗೆ ಅಲ್ಲ. ಡಬ್ಬದ ಮೇಲೆ "ಬಿತ್ತನೆಗೆ, ಬಜೆ ಹಾಕಿದೆ" ಅಂತ ದಪ್ಪ ಅಕ್ಷರದಲ್ಲಿ ಬರೆದು, ತಾರೀಕು ಹಾಕಿ, ಅಡುಗೆ ಮನೆಯಿಂದ ದೂರ ಇಡಿ.